ಉಗಿಯಮ್ಮನ ಜೀವಗಲ್ಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿದರೆ, ಎರಡು ಬಾಗಿಲುಗಳ ಒಂದು ಕೋಣೆ. ಒಂದು ಬಾಗಿಲಿನಿಂದ ರಕ್ತ ಮೆತ್ತಿದ ಕತ್ತರಿ, ಚಿಮಟ, ಬಟ್ಟಲುಗಳು ಒಳಗೆ ಬರುತ್ತಿದ್ದವು; ಇನ್ನೊಂದರಿಂದ ಅವೇ ಸಾಮಾನುಗಳು ಹಸಿರು ಬಟ್ಟೆಯ ಎರಡು ಸುತ್ತಿನೊಳಗೆ ಬೆಚ್ಚಗೆ ಮಲಗಿ ಹೊರಗೆ ಹೋಗುತ್ತಿದ್ದವು. ಈ ಎರಡು ಬಾಗಿಲುಗಳ ನಡುವೆ ಇಪ್ಪತ್ತಾರು ವರ್ಷ ನಿಂತವಳು ನಮ್ಮ ಉಗಿಯಮ್ಮ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಗಿಯ ಯಂತ್ರದ ಮುಂದೆ ಸದಾ ಬೆವರೊರೆಸಿಕೊಳ್ಳುತ್ತ ನಿಂತಿರುತ್ತಿದ್ದ ಆಕೆಗೆ ಯಾವಾಗಲೋ ಒಬ್ಬ ತುಂಟ ನರ್ಸು ಇಟ್ಟ ಅಡ್ಡಹೆಸರು ಆಸ್ಪತ್ರೆಗೆಲ್ಲ ಹಬ್ಬಿ, ಕೊನೆಗೆ ಮನೆಯ ಹೊಸ್ತಿಲನ್ನೂ ದಾಟಿ, ಗಂಡನ ಬಾಯಲ್ಲಿ ಕೂತುಬಿಟ್ಟಿತ್ತು.

ಆಕೆ ಕಲಿತ ವಿದ್ಯೆ ಒಂದೇ, ಇರುವ ಜೀವವನ್ನೆಲ್ಲ ಕೊಲ್ಲುವುದು. ಕಣ್ಣಿಗೆ ಕಾಣುವ ಕೊಳೆ ಆಕೆಗೆ ಲೆಕ್ಕಕ್ಕೇ ಇಲ್ಲ, ಕಾಣದಿರುವುದೇ ಶತ್ರು. ಕಟ್ಟಿನ ಮೇಲೆ ಅಂಟಿಸುವ ಒಂದು ಬಗೆಯ ಟೇಪು ಉಂಟು. ಉಗಿ ತಾಕಬೇಕಾದಷ್ಟು ತಾಕಿದರೆ ಅದರ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆ ಗೆರೆಗಳನ್ನು ತೋರಿಸಿ ಆಕೆ ಹೇಳುತ್ತಿದ್ದಳು: "ಕರೀ ಗೆರೆ ಬಂತು ಅಂದ್ರೆ ಇದರೊಳಗೆ ಉಸಿರಾಡೋದು ಒಂದೂ ಇಲ್ಲ ಅಂತ. ಆಮೇಲೆ ನಿಶ್ಚಿಂತೆಯಾಗಿ ಊಟಕ್ಕೆ ಹೋಗಿ."

ಇಂಥವಳ ಮನೆಯ ನಡುಮನೆಯಲ್ಲಿ ಒಂದು ಕಡಲಿತ್ತು.

ಕಡಲೆಂದರೆ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಗುಯ್ಗುಡುವ ಎರಡು ಪಂಪು, ಏಳು ಕಲ್ಲು, ಒಂದಷ್ಟು ಬಸವನಹುಳು, ಮತ್ತು ಕಿತ್ತಳೆ ಮೈಗೆ ಬಿಳಿ ಪಟ್ಟಿ ಬಳಿದುಕೊಂಡ ಎರಡು ಮೀನು. ಅದನ್ನು ಕಟ್ಟಿ ನಿಲ್ಲಿಸಿದವನು ಆಕೆಯ ಗಂಡ. ಆತ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ ಡ್ರೈವರ್. ಗಾಜಿನ ಹಿಂದೆ ಕೂತು ಲೋಕ ನೋಡುವುದು ಆತನಿಗೆ ಎಂದೋ ಮೈಗೂಡಿತ್ತು. ಗ್ಲಾಕೋಮಾ ಬಂದು ಕಣ್ಣಿನ ಅಂಚುಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದಾಗ ಇಲಾಖೆಯವರು ಸ್ಟೇರಿಂಗಿನಿಂದ ಕೆಳಗಿಳಿಸಿದರು. ಕೆಳಗಿಳಿದವನು ನೇರವಾಗಿ ಈ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡ. "ಆ ಗಾಜು ಹೋಯ್ತು, ಈ ಗಾಜು ಬಂತು. ಇದರಲ್ಲಿ ಯಾರೂ ಅಡ್ಡ ಬರಲ್ಲ," ಎಂದು ನಗುತ್ತಿದ್ದ. ಮೀನುಗಳಿಗೆ ಹೆಸರಿಟ್ಟವನೂ ಆತನೇ. ಮುಂದೆ ಮುಂದೆ ಹೋಗುವ ದೊಡ್ಡದು 'ಡ್ರೈವರ್', ಅದರ ಬಾಲ ಬಿಡದ ಚಿಕ್ಕದು 'ಕಂಡಕ್ಟರ್'.

ಈಗ ಆತ ನೋಡುತ್ತಿದ್ದುದು ಕೊಳವೆಯೊಳಗಿನಿಂದ ನೋಡಿದ ಹಾಗೆ. ಒಂದು ಸಲಕ್ಕೆ ಅಂಗೈಯಷ್ಟು ಜಾಗ. ಆ ಅಂಗೈಯನ್ನು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಸರಿಸುತ್ತ ಸರಿಸುತ್ತ ಇಡೀ ಬೆಳಗನ್ನು ಕಳೆಯುತ್ತಿದ್ದ. ಆತನಿಗೆ ಒಂದೇ ಆಸೆ ಉಳಿದಿತ್ತು. ಕಡಲಿನಿಂದ ತಂದ ಆ ಕಲ್ಲುಗಳು ಸುಮ್ಮನೆ ಕಲ್ಲುಗಳಲ್ಲ. ಅವುಗಳ ಸಂದುಗೊಂದುಗಳಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಗಳು ಮನೆ ಮಾಡಿಕೊಂಡು ನೀರನ್ನು ಶುದ್ಧವಾಗಿಡುತ್ತವೆ. ಅಂಗಡಿಯವನು 'ಲೈವ್ ರಾಕ್' ಎಂದದ್ದನ್ನು ಈತ 'ಜೀವಗಲ್ಲು' ಮಾಡಿಕೊಂಡಿದ್ದ. ನೀರು ಹದವಾಗಿದ್ದರೆ ಆ ಕಲ್ಲುಗಳ ಮೇಲೆ ನೇರಳೆ ಬಣ್ಣದ ಒಂದು ಗಟ್ಟಿ ಲೇಪ ಮೆಲ್ಲಮೆಲ್ಲನೆ ಹಬ್ಬುತ್ತದೆ. ಎಡಗಡೆ ಇದ್ದ ಅತಿ ದೊಡ್ಡ ಕಲ್ಲು, ಕಮಾನಿನಂತೆ ಬಾಗಿದ್ದು, ಪೂರ್ತಿ ನೇರಳೆಯಾಗುವುದನ್ನು ಕಣ್ಣಿರುವಾಗಲೇ ನೋಡಿಬಿಡಬೇಕು ಎಂಬುದು ಆತನ ಆಸೆ. ಅರ್ಧಕ್ಕಿಂತ ಹೆಚ್ಚು ಹಬ್ಬಿಯೂ ಇತ್ತು.

"ಲೇ ಉಗಿಯಮ್ಮ, ಕಮಾನಿನ ಮೇಲೆ ನೇರಳೆ ಎಲ್ಲೀವರೆಗೆ ಬಂತು ನೋಡಿ ಹೇಳು."

"ಯಾಕೆ, ನಿಮಗೆ ಕಾಣಲ್ವೇನ್ರೀ?"

"ನನಗೆ ಕಾಣತ್ತೆ. ನಿನಗೆ ಕಾಣತ್ತಾ ಅಂತ ಪರೀಕ್ಷೆ ಮಾಡ್ತಿದೀನಿ."

ಇದು ದಿನವೂ ನಡೆಯುವ ಮಾತು. ಆಕೆ ಹೂಂಗುಟ್ಟಿ, ಟಿಫಿನ್ ಡಬ್ಬಿ ಮುಚ್ಚಿಕೊಂಡು ಬಸ್ಸಿಗೆ ಓಡುತ್ತಿದ್ದಳು. ನಿಜ ಹೇಳಬೇಕೆಂದರೆ ಆಕೆಗೆ ಆ ತೊಟ್ಟಿಯನ್ನು ಕಂಡರೆ ಒಳಗೊಳಗೇ ಒಂದು ಅಳುಕು. ಉಗಿಗೆ ಸಿಗದ ನೀರು. ಅದರಲ್ಲಿ ಏನೇನಿದೆಯೋ ಎಂಬ ಗುಮಾನಿ. ಆದರೂ ಗಂಡನ ಮುಖ ಅರಳುವ ಜಾಗ ಮನೆಯಲ್ಲಿ ಅದೊಂದೇ ಎಂದು ಬಾಯಿ ಮುಚ್ಚಿಕೊಂಡಿದ್ದಳು.

ಒಂದು ಭಾನುವಾರ ಗಾಜು ಒರೆಸುತ್ತಿದ್ದಾಗ ಕಮಾನುಕಲ್ಲಿನ ನೆತ್ತಿಯಲ್ಲಿ ಹಸಿರು ನೂಲಿನಂಥದ್ದು ಅಲುಗಾಡಿದ್ದನ್ನು ಕಂಡಳು. ಮುಂದಿನ ಭಾನುವಾರ ಅದು ಎಳೆಯ ಮಗುವಿನ ತಲೆಗೂದಲಿನಷ್ಟು ದಟ್ಟವಾಗಿತ್ತು. ಮೂರನೆಯ ವಾರ ನೀರಿನ ಸೆಳೆತಕ್ಕೆ ಒಂದೇ ಕಡೆಗೆ ಬಾಚಿದ ಕೂದಲಿನಂತೆ ತೂಗತೊಡಗಿತು. ನೇರಳೆ ಅದರ ಕೆಳಗೆ ಹೂತುಹೋಯಿತು.

ಕೆಳಗಿನ ಮನೆಯಲ್ಲಿದ್ದ ನಾದಿನಿ ಬಾಯಿಗೆ ಬೀಗವಿಲ್ಲದವಳು. ಸಕ್ಕರೆ ಕೇಳಲು ಬಂದವಳು ತೊಟ್ಟಿಯ ಮುಂದೆ ನಿಂತುಬಿಟ್ಟಳು. "ಅತ್ತಿಗೇ, ಕಲ್ಲಿಗೆ ಗಡ್ಡ ಬಂದಿದೆಯಲ್ಲಾ! ಏನು ಹಾಕಿದ್ರಿ? ನಮ್ಮಣ್ಣನ ಬೋಳುತಲೆಗೂ ಒಂದು ಚೂರು ಹಚ್ಚಬಾರದಿತ್ತಾ?"

"ಶ್! ಮೆತ್ತಗೆ ಮಾತಾಡೇ," ಎಂದು ಉಗಿಯಮ್ಮ ಒಳಕೋಣೆಯ ಕಡೆ ಕಣ್ಣು ತೋರಿಸಿದಳು.

"ಅಣ್ಣನಿಗೆ ಗೊತ್ತಿಲ್ವಾ? ದಿನಾ ಮೂಗು ಅಂಟಿಸಿಕೊಂಡು ಕೂತಿರ್ತಾನೆ!"

ಅದೇ ಪ್ರಶ್ನೆ ಉಗಿಯಮ್ಮನಿಗೂ ಬಂದಿತ್ತು. ಆದರೆ ಆತ ಪಾಚಿಯ ಸುದ್ದಿ ಎತ್ತಿರಲಿಲ್ಲ. ಅಂಗೈಯಷ್ಟು ಜಾಗದಲ್ಲಿ ಅದು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಳು. ಸಿಗುವ ಮೊದಲೇ ಅದನ್ನು ಇಲ್ಲವಾಗಿಸಬೇಕು ಎಂದು ಹಟ ತೊಟ್ಟಳು. ಆತನ ಕುರ್ಚಿಯನ್ನು, ನೆಲ ಗುಡಿಸುವ ನೆಪದಲ್ಲಿ, ಎರಡು ಗೇಣು ಬಲಕ್ಕೆ ಸರಿಸಿದಳು. ಅಲ್ಲಿನ ಕಲ್ಲುಗಳು ಇನ್ನೂ ಚೊಕ್ಕಟವಾಗಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಮಾನನ್ನು ನೀರಿನೊಳಗೇ ತಿಕ್ಕಿದಳು. ಪಾಚಿ ತುಂಡುತುಂಡಾಗಿ ತೊಟ್ಟಿಯ ತುಂಬ ತೇಲಿತು. ಎಂಟು ದಿನದಲ್ಲಿ ಬಿದ್ದಲ್ಲೆಲ್ಲ ಬೇರು ಬಿಟ್ಟಿತು.

ತನ್ನ ಇಪ್ಪತ್ತಾರು ವರ್ಷದ ವಿದ್ಯೆ ಆಕೆಗೆ ಆಗ ನೆನಪಾಯಿತು.

ಗಂಡನಿಗೆ ಕಣ್ಣಾಸ್ಪತ್ರೆಯಲ್ಲಿ ತಪಾಸಣೆಯ ದಿನ ಬಂತು. ನಾದಿನಿಯನ್ನು ಜೊತೆ ಮಾಡಿ ಕಳುಹಿಸಿದಳು. ಅವರು ಬೀದಿಯ ತಿರುವು ದಾಟುವವರೆಗೆ ಬಾಲ್ಕನಿಯಲ್ಲಿ ನಿಂತು, ಆಮೇಲೆ ತೋಳೇರಿಸಿ ಕಮಾನುಕಲ್ಲನ್ನು ಹೊರಗೆತ್ತಿದಳು. ಒಂದು ದೊಡ್ಡ ಕುಂಬಳಕಾಯಿಯಷ್ಟು ಭಾರ. ಬಟ್ಟೆಯಲ್ಲಿ ಸುತ್ತಿ, ಚಕ್ರದ ಚೀಲದಲ್ಲಿ ತುರುಕಿ, ಬಸ್ಸು ಹತ್ತಿದಳು. ಕಂಡಕ್ಟರ್ ಗಂಡನ ಕಾಲದ ಪರಿಚಯದವನು. ಚೀಲ ಎತ್ತಿಕೊಡಲು ಬಗ್ಗಿದವನು "ಅಬ್ಬಬ್ಬಾ!" ಎಂದ. "ಏನಮ್ಮಾ, ಕಲ್ಲು ತುಂಬಿಕೊಂಡಿದೀರಾ?"

"ಹೌದಪ್ಪ, ಕಲ್ಲೇ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಿಜ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಆಕೆಗೆ ಅಂದು ಎಷ್ಟು ಸಮಾಧಾನವಾಯಿತೋ!

ನೆಲಮಾಳಿಗೆಯ ಕೋಣೆಯಲ್ಲಿ ಯಂತ್ರವೊಂದು ಖಾಲಿಯಿತ್ತು. ಹೊರಗಿನ ಸಾಮಾನು ಅದರೊಳಗೆ ಹೋಗಬಾರದು ಎಂಬ ಕಾನೂನನ್ನು ಗೋಡೆಗೆ ಅಂಟಿಸಿದವಳು ಆಕೆಯೇ. ಆ ಕಾಗದದ ಕಡೆ ತಿರುಗದೆ ಕಲ್ಲನ್ನು ಹಸಿರು ಬಟ್ಟೆಯ ಎರಡು ಸುತ್ತಿನೊಳಗೆ ಕಟ್ಟಿದಳು, ಟೇಪು ಅಂಟಿಸಿದಳು, ಬಾಗಿಲು ಬಿಗಿದಳು. ಕಡಲು ಬೆಂದ ವಾಸನೆ ಕೋಣೆಯ ತುಂಬ ಹರಡಿತು. ಕಪ್ಪು ಗೆರೆಗಳು ಮೂಡಿದವು. ಯಂತ್ರ ಓಡಿಸಿದ ಮೇಲೆ ಏನನ್ನು ಬೇಯಿಸಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಪೆನ್ನು ಹಿಡಿದು ಬಹಳ ಹೊತ್ತು ಕುಳಿತಳು. 'ಬಟ್ಟಲು' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಆ ಪುಸ್ತಕದಲ್ಲಿ ಸುಳ್ಳು ಬರೆದು ಕೈಗೆ ಅಭ್ಯಾಸವಿರಲಿಲ್ಲ. ದುಂಡಗಿನ ಅಕ್ಷರದಲ್ಲಿ 'ಕಲ್ಲು, ಒಂದು' ಎಂದು ಬರೆದು ಸಹಿ ಹಾಕಿದಳು.

ಗಂಡ ಬರುವಷ್ಟರಲ್ಲಿ ಕಲ್ಲು ತೊಟ್ಟಿಯಲ್ಲಿತ್ತು. ಮೂಳೆಯಂತೆ ಬೆಳ್ಳಗೆ, ಒಂದು ಎಳೆ ಹಸಿರಿಲ್ಲದೆ. ಒಂದು ಚೂರು ನೇರಳೆಯೂ ಇರಲಿಲ್ಲ. ಅದು ಮತ್ತೆ ಬೆಳೆಯುತ್ತದೆ ಎಂದುಕೊಂಡಳು.

"ಡಾಕ್ಟ್ರು ಏನಂದ್ರು?"

"ಏನಂತಾರೆ? ಹೋದ ಸಲದ ಹಾಗೇ ಇದೆಯಂತೆ. ಹನಿ ಹಾಕ್ಕೊಳ್ಳಿ ಅಂದ್ರು." ಆತ ಕೋಲನ್ನು ಮೂಲೆಗೆ ಒರಗಿಸಿ ಕುರ್ಚಿ ತಡವಿ ಕೂತ. "ಇಲ್ಲೇನೋ ವಾಸನೆ."

"ಕಲ್ಲು ಸ್ವಲ್ಪ ತೊಳೆದೆ. ಧೂಳು ಕೂತಿತ್ತು."

"ಒಳ್ಳೇದಾಯ್ತು," ಎಂದು ಆತ ಗಾಜಿಗೆ ಮುಖ ಕೊಟ್ಟ.

ನಾಲ್ಕು ದಿನ ಆಕೆ ಗೆದ್ದವಳಂತೆ ಓಡಾಡಿದಳು. ಐದನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಬಸವನಹುಳುಗಳು ಗಾಜಿನ ಮೇಲ್ತುದಿಗೆ ಹತ್ತಿ, ನೀರಿನಿಂದ ತಲೆ ಹೊರಗೆ ಹಾಕಿ ನಿಂತವು. ಎರಡನೆಯ ವಾರ, ಬೆಳ್ಳಗಿದ್ದ ಕಲ್ಲನ್ನೂ ಸೇರಿಸಿ, ಏಳೂ ಕಲ್ಲುಗಳ ಮೇಲೆ ಹಸಿರು ಕೂದಲು ಗೇಣುದ್ದ ತೂಗಾಡಿತು. ಒಂದು ಬೆಳಿಗ್ಗೆ ಗಂಡ ಇನ್ನೂ ಸ್ನಾನದ ಮನೆಯಲ್ಲಿದ್ದಾಗ, ಪಂಪಿನ ಹಿಂದೆ ಕಿತ್ತಳೆ ಬಣ್ಣದ್ದೇನೋ ಸಿಕ್ಕಿಕೊಂಡಿದ್ದು ಕಂಡಿತು. ಕೈ ಹಾಕಿ ತೆಗೆದಳು. ಕಂಡಕ್ಟರ್.

ಹಸಿರು ಬಟ್ಟೆಯ ಚೂರೊಂದರಲ್ಲಿ ಅದನ್ನು ಸುತ್ತಿ ಬಾಲ್ಕನಿಯ ಹೂಕುಂಡದ ಮಣ್ಣಿನೊಳಗೆ ಇಟ್ಟಳು. ಕೈ ತೊಳೆದಳು, ಮತ್ತೆ ತೊಳೆದಳು. ಸ್ನಾನದ ಮನೆಯ ಬಾಗಿಲು ತೆರೆದ ಸದ್ದಾದಾಗ ಆಕೆ ಅಡುಗೆಮನೆಗೆ ಸರಿದುಬಿಟ್ಟಳು. ಹೇಳಬೇಕೆಂದಿದ್ದಳು. ನಾಳೆ ಹೇಳೋಣ ಎಂದುಕೊಂಡಳು.

ಅಂದು ಆಸ್ಪತ್ರೆಯಲ್ಲಿ ದೊಡ್ಡ ಸಿಸ್ಟರ್ ರಿಜಿಸ್ಟರ್ ಹಿಡಿದುಕೊಂಡು ಕೆಳಗಿಳಿದು ಬಂದರು. ಸಾಮಾನ್ಯವಾಗಿ ಆಕೆಯನ್ನು 'ಅಕ್ಕಾ' ಎಂದೇ ಕರೆಯುವವರು.

"ಅಕ್ಕಾ, ಏನಿದು 'ಕಲ್ಲು, ಒಂದು'? ಯಾವ ಕಲ್ಲು? ಮೂತ್ರಪಿಂಡದ್ದಾ, ಪಿತ್ತಕೋಶದ್ದಾ?"

ಸುತ್ತಲಿದ್ದವರು ಕಿಸಕ್ಕೆಂದರು. ಉಗಿಯಮ್ಮ ನಗಲಿಲ್ಲ. "ನಮ್ಮನೆ ಮೀನಿನ ತೊಟ್ಟಿದು, ಸಿಸ್ಟರ್."

ದೊಡ್ಡ ಸಿಸ್ಟರ್ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವರ ಮುಖ ಗಂಟಿಕ್ಕಿತು. "ಇಪ್ಪತ್ತಾರು ವರ್ಷ ನಮಗೆಲ್ಲಾ ಪಾಠ ಹೇಳಿ ಹೇಳಿ, ಕೊನೆಗೆ ನೀವೇ ಹಿಂಗೆ ಮಾಡೋದಾ? ಬೇರೆ ಯಾರಾದ್ರೂ ಆಗಿದ್ರೆ ಮೇಲಕ್ಕೆ ಬರೆದು ಕಳಿಸ್ತಿದ್ದೆ." ಯಂತ್ರವನ್ನು ಮೂರು ಸಲ ಖಾಲಿ ಓಡಿಸಿ ಪರೀಕ್ಷೆ ಮಾಡಿಸಿದರು. ಗೋಡೆಯ ಮೇಲಿನ ಕಾಗದವನ್ನು ಆಕೆಯಿಂದಲೇ ಗಟ್ಟಿಯಾಗಿ ಓದಿಸಿದರು. ಆಕೆ ತಲೆ ತಗ್ಗಿಸಿ ಓದಿದಳು. ವಿಚಿತ್ರವೆಂದರೆ, ಓದಿ ಮುಗಿಸಿದಾಗ ಎದೆ ಸ್ವಲ್ಪ ಹಗುರವಾಗಿತ್ತು. ಇಲ್ಲಿಯ ತಪ್ಪು ಒಪ್ಪಿ ಮುಗಿಯಿತು; ಮನೆಯದು ಹಾಗೇ ಇತ್ತು.

ಕೆಲಸ ಬಿಟ್ಟ ಮೇಲೆ ಮೀನಂಗಡಿಗೆ ಹೋದಳು. ಅಂಗಡಿಯವನು ಬಲೆ ಹಿಡಿದು ತೊಟ್ಟಿಯೊಂದರ ಮುಂದೆ ಬಗ್ಗಿದ್ದವನು, ಬಗ್ಗಿದಂತೆಯೇ ಎಲ್ಲವನ್ನೂ ಕೇಳಿದ. 'ಉಗಿ' ಎಂಬ ಮಾತು ಬಂದಾಗ ನೆಟ್ಟಗೆ ನಿಂತ.

"ಎಷ್ಟು ಹೊತ್ತು ಬೇಯಿಸಿದ್ರಿ?"

"ಅರ್ಧ ಗಂಟೆ. ನೂರ ಇಪ್ಪತ್ತೊಂದು ಡಿಗ್ರಿ."

"ಅಯ್ಯೋ ಅಮ್ಮಾ! ನೀವು ಕಲ್ಲು ತೊಳೀಲಿಲ್ಲ, ಒಂದು ಊರನ್ನೇ ಸುಟ್ಟುಬಿಟ್ರಿ. ಒಳಗಿದ್ದ ಜೀವ ಅಷ್ಟೂ ಸತ್ತು, ಆ ಹೆಣಗಳನ್ನೆಲ್ಲ ಮತ್ತೆ ನೀರಿಗೇ ಹಾಕಿದೀರಿ. ಕೊಳೆತದ್ದು ಮೀನಿಗೆ ವಿಷ, ಪಾಚಿಗೆ ಗೊಬ್ಬರ." ಸ್ವಲ್ಪ ತಡೆದು ಮತ್ತೆ ಹೇಳಿದ: "ನಿಮ್ಮ ಪುಣ್ಯ, ಅದರ ಮೇಲೆ ಅಂಗಿ ಗುಂಡಿ ಥರಾ ಇರೋ ಹವಳ ಇರಲಿಲ್ಲ. ಅಂಥ ಕೆಲವುದರ ಮೈಯಲ್ಲಿ ವಿಷ ಇರತ್ತೆ. ಆ ಉಗಿ ಕುಡಿದಿದ್ರೆ ನೀವು ನಿಮ್ಮ ಆಸ್ಪತ್ರೇಲೇ ಮಂಚ ಹುಡುಕಬೇಕಾಗಿತ್ತು."

"ಈಗೇನು ಮಾಡಲಿ?"

"ಆ ಕಲ್ಲನ್ನ ಹೊರಗೆ ತೆಗೆದು ಬಕೆಟ್ಟಿನ ಉಪ್ಪುನೀರಲ್ಲಿಡಿ. ವಾರಕ್ಕೆರಡು ಸಲ ತೊಟ್ಟಿಯ ಕಾಲು ಭಾಗ ನೀರು ಬದಲಾಯಿಸಿ. ತೊಟ್ಟಿ ಮೇಲಿನ ದೀಪದ ಹೊತ್ತು ಕಡಿಮೆ ಮಾಡಿ. ಪಾಚೀನ ಕೈಯಲ್ಲೇ ಕೀಳಿ, ಕಿತ್ತ ಹಾಗೇ ಕೊಳವೆಯಲ್ಲಿ ಹೊರಗೆ ಎಳೀರಿ. ಒಂದೇ ದಿನ ಎಲ್ಲಾ ಕಿತ್ತು ಹಾಕ್ತೀನಿ ಅಂತ ಹೋಗಬೇಡಿ, ದಿನಾ ಒಂದೊಂದು ಹಿಡಿ. ಬ್ರಷ್ಷು ಬೇಡ, ಬಿಸಿನೀರು ಬೇಡ, ಔಷಧಿ ಬೇಡ. ಕೊಲ್ಲೋದನ್ನ ಮರೀರಿ."

"ನೇರಳೆ ಬರೋಕೆ?"

"ವರ್ಷ ಅಂದ್ಕೊಳ್ಳಿ. ಅವಸರ ಏನಿದೆ?"

ಹೊರಡಲು ತಿರುಗಿದವಳನ್ನು ಅಂಗಡಿಯವನೇ ತಡೆದ. "ಆದ್ರೆ ಅಮ್ಮಾ, ನೀವು ಬೇಯಿಸೋದಕ್ಕೆ ಮೊದಲೇ ಪಾಚಿ ಬಂದಿತ್ತಲ್ಲ, ಅದು ಎಲ್ಲಿಂದ? ಊಟ ಹಾಕೋರು ಯಾರು?"

"ನಮ್ಮನೆಯವರೇ. ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ. ಆ ಕೆಲಸ ಯಾರಿಗೂ ಕೊಡಲ್ಲ."

"ಒಂದೇ ಚಿಟಿಕೆ ಅಂತೀರಾ? ತಿನ್ನದೆ ಉಳಿದದ್ದೂ ಕೊಳೆತು ಪಾಚಿಗೆ ಗೊಬ್ಬರ ಆಗತ್ತೆ. ಸ್ವಲ್ಪ ನೋಡಿಕೊಳ್ಳಿ."

ಮರುದಿನ ಬೆಳಿಗ್ಗೆ ಆಕೆ ಟಿಫಿನ್ ಡಬ್ಬಿ ಮುಚ್ಚುತ್ತಿದ್ದಾಗ ಗಂಡ ಎಂದಿನಂತೆ ತೊಟ್ಟಿಯ ಮುಂದಿದ್ದ. ಒಂಟಿ ಮೀನು ಗಾಜಿನ ಹತ್ತಿರ ಅತ್ತಿಂದಿತ್ತ ತಿರುಗುತ್ತಿತ್ತು.

"ಲೇ, ಬಂದು ನೋಡು. ಕಂಡಕ್ಟರ್ ಇವತ್ತು ಚುರುಕಾಗಿದಾನೆ. ಡ್ರೈವರನ ಬಾಲ ಬಿಡ್ತಾನೇ ಇಲ್ಲ."

ಡಬ್ಬಿಯ ಮುಚ್ಚಳ ಆಕೆಯ ಕೈಯಲ್ಲೇ ಉಳಿಯಿತು. ಮೆಲ್ಲಗೆ ನಡೆದು ಬಂದು ಆತನ ಪಕ್ಕಕ್ಕೆ ನಿಂತಳು. ಆತನ ಕಣ್ಣುಗಳು ಮೀನಿದ್ದ ಕಡೆಗಿರಲಿಲ್ಲ. ಅವು ಯಾವ ಕಡೆಗೂ ಇರಲಿಲ್ಲ. ಆಕೆ ಮುಚ್ಚಳವನ್ನು ಆತನ ಮುಖದ ನೇರಕ್ಕೆ, ಗಾಜಿಗೂ ಆತನಿಗೂ ನಡುವೆ, ಹಿಡಿದಳು. ಆತ ನಗುತ್ತಲೇ ಇದ್ದ.

"ಕಾಣ್ತಾ?" ಎಂದ.

"ಹೂಂ," ಎಂದಳು.

ಆತ ಮೀನಿನ ಊಟದ ಡಬ್ಬಿಗೆ ಕೈ ಹಾಕಿದ. ಒಂದು ಚಿಟಿಕೆ ಹಾಕಿದ. ಕಿವಿ ವಾಲಿಸಿ, ನೀರಿನ ಮೇಲೆ ಮೀನು ಬಾಯಿ ಬಡಿಯುವ ಸದ್ದಿಗೆ ಕಾದ. ಪಂಪಿನ ಗುಯ್‌ಗುಡುವಿಕೆಯಲ್ಲಿ ಅದು ಕೇಳಿಸಿರಲಿಕ್ಕಿಲ್ಲ. ಇನ್ನೊಂದು ಚಿಟಿಕೆ ಹಾಕಿದ. ಆಮೇಲೆ ಮತ್ತೊಂದು. ತಿನ್ನದೆ ಉಳಿದ ಚೂರುಗಳು ಮೆಲ್ಲಗೆ ತೇಲುತ್ತ ಹೋಗಿ ಹಸಿರು ಕೂದಲಿನೊಳಗೆ ಇಳಿದವು.

ಅಂದು ಬಸ್ಸಿನಲ್ಲಿ ನಿಂತ ಉಗಿಯಮ್ಮನಿಗೆ ಇಳಿಯುವ ನಿಲ್ದಾಣ ದಾಟಿದ್ದೇ ತಿಳಿಯಲಿಲ್ಲ. ತಾನು ಕುರ್ಚಿ ಸರಿಸಿದ್ದು ಯಾರಿಗಾಗಿ? ತಿಂಗಳಿಂದ ಯಾವ ಕಣ್ಣಿನಿಂದ ಏನನ್ನು ಬಚ್ಚಿಡುತ್ತಿದ್ದಳು? ಆತ ಕತ್ತಲೆಯ ಮುಂದೆ ಕೂತು ದಿನವೂ ಆಕೆಗಾಗಿ ಮೀನು ನೋಡುತ್ತಿದ್ದ. ಆಕೆಗೆ ಮೊದಲು ಅಳು ಬಂತು. ಎರಡು ನಿಲ್ದಾಣ ಕಳೆದ ಮೇಲೆ ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಎಂಬುದು ಆಸ್ಪತ್ರೆ ಮುಟ್ಟುವವರೆಗೂ ಬಗೆಹರಿಯಲಿಲ್ಲ.

ಹೇಳದೆ ಇರಬಹುದಿತ್ತು. ಅದನ್ನೂ ಆಕೆ ಯೋಚಿಸಿದಳು. ಕಾಣದವನಿಗೆ ಕಲ್ಲು ನೇರಳೆಯಾಯಿತು ಎಂದರೆ ನೇರಳೆಯೇ; ಎರಡು ಮೀನು ಎಂದರೆ ಎರಡೇ. ಆತ ಸುಖವಾಗಿಯೇ ಇರುತ್ತಾನೆ. ಆದರೆ ಹಾಗಾದರೆ ಆತ ಮೀನಿಗೆ ಊಟ ಸುರಿಯುವುದನ್ನು ತಡೆಯುವುದು ಹೇಗೆ? ತಡೆಯದಿದ್ದರೆ ಉಳಿದ ಮೀನೂ ಹೋಗುತ್ತದೆ. ಆಮೇಲೆ ಖಾಲಿ ನೀರಿನ ಮುಂದೆ ಇಬ್ಬರೂ ಕೂತು, ಆತ ಇಲ್ಲದ್ದನ್ನು ಕಂಡೆ ಎನ್ನುತ್ತ, ಈಕೆ ಹೂಂ ಎನ್ನುತ್ತ!

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಆಕೆ ಒಂದು ಸ್ಟೂಲು ಎಳೆದುಕೊಂಡು ಆತನ ಪಕ್ಕದಲ್ಲಿ ಕೂತಳು.

"ರೀ, ಕಂಡಕ್ಟರ್ ಸತ್ತುಹೋದ."

ಆತನ ಕೈ ತೊಡೆಯ ಮೇಲೆ ಹಾಗೇ ನಿಂತಿತು. "ಯಾವಾಗ? ಈಗಲಾ?"

"ಹೋದ ಸೋಮವಾರ."

ಪಂಪು ಗುಯ್ಗುಟ್ಟಿತು. ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು.

"ಏಳು ದಿನ," ಎಂದ ಆತ. "ಏಳು ದಿನದಿಂದ ನಾನು ಇಬ್ಬರನ್ನೂ ಮಾತಾಡಿಸ್ತಿದೀನಿ. ನೀನು ಪಕ್ಕದಲ್ಲಿ ನಿಂತು ಹೂಂ ಹೂಂ ಅಂತಿದ್ದೀಯ. ನನ್ನನ್ನ ಏನು ಅಂದ್ಕೊಂಡಿದೀಯೇ? ಮಂಗ ಮಾಡಿದೀಯ ನನ್ನ!"

"ನೀವು ಮಾಡಿಲ್ವಾ? ಇಲ್ಲದ ಮೀನು ಬಾಲ ಹಿಡ್ಕೊಂಡು ಹೋಗೋದನ್ನ ನನಗೆ ತೋರಿಸಿದ್ದು ಯಾರು?"

ಮಾತು ಬಾಯಿಂದ ಹೊರಟ ಮೇಲೆ ಆಕೆಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು. ಆತ ಮುಖವನ್ನು ಗಾಜಿನಿಂದ ತಿರುಗಿಸಿ ಗೋಡೆಯ ಕಡೆ ಮಾಡಿಕೊಂಡ. ಆಮೇಲೆ ಗೋಡೆಗೇ ಹೇಳಿದ ಹಾಗೆ ಹೇಳಿದ:

"ಮೊನ್ನೆ ಕಣ್ಣಾಸ್ಪತ್ರೆಗೆ ಹೋಗಿದ್ದೆನಲ್ಲ, ಅವತ್ತೇ ಹೇಳಿದ್ರು. ಇನ್ನೇನೂ ಮಾಡೋಕಾಗಲ್ಲ ಅಂದ್ರು. ತಂಗಿ ಹೊರಗೆ ಕೂತಿದ್ಲು, ಅವಳಿಗೂ ಹೇಳಲಿಲ್ಲ. ಈಗ ಬೆಳಕು ಗೊತ್ತಾಗತ್ತೆ. ಕಿಟಕಿ ಎಲ್ಲಿದೆ ಅಂತ ಗೊತ್ತಾಗತ್ತೆ. ಅಷ್ಟೇ."

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಏನಾಗ್ತಿತ್ತು? ನೀನು ಕೆಲಸ ಬಿಟ್ಟು ಬಂದು ನನ್ನ ಪಕ್ಕ ಕೂರ್ತಿದ್ದೆ. ಈಗ ಕೂತಿದೀಯಲ್ಲ, ಹೀಗೆ."

ಆಕೆ ಎಲ್ಲವನ್ನೂ ಹೇಳಿದಳು. ಪಾಚಿ, ಬ್ರಷ್ಷು, ಕುರ್ಚಿ, ಚಕ್ರದ ಚೀಲ, ಉಗಿ, ಮೂಳೆಯಂತಾದ ಕಮಾನು. ಕಮಾನಿನ ಮಾತು ಬಂದಾಗ ಆತ ಕಣ್ಣು ಮುಚ್ಚಿಕೊಂಡ. "ನೇರಳೆ ಪೂರ್ತಿ ಹೋಯ್ತಾ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದ. "ಪೂರ್ತಿ ಹೋಯ್ತು," ಎಂದಳು. ಊಟದ ಚಿಟಿಕೆಗಳ ಸಂಗತಿ ಹೇಳುವಾಗ ಆಕೆಯ ದನಿ ತಗ್ಗಿತು. ಅದನ್ನು ನುಂಗಿಬಿಡಲೇ ಎಂದು ಒಂದು ಗಳಿಗೆ ತಡೆದು, ನುಂಗದೆ ಹೇಳಿದಳು.

"ಅಂದ್ರೆ ಮೊದಲು ಕೆಡಿಸಿದ್ದು ನಾನು," ಎಂದ.

"ಆಮೇಲೆ ಕೊಂದದ್ದು ನಾನು."

ಸಮಾಧಾನವೇನೂ ಆಗಲಿಲ್ಲ. ಆತ ಆ ದಿನ ಸಂಜೆಯ ಕಾಫಿಯನ್ನು ಕುಡಿಯಲಿಲ್ಲ. ಮರುದಿನವೂ ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ಬಾಲ್ಕನಿಯಲ್ಲಿ, ಹೂಕುಂಡದ ಪಕ್ಕ ಕೂತಿದ್ದ. ಅಲ್ಲಿ ಏನಿದೆ ಎಂದು ಆಕೆ ಹೇಳಿದ್ದಳು. ಉಗಿಯಮ್ಮ ಕಮಾನುಕಲ್ಲನ್ನು ಬಕೆಟ್ಟಿಗೆ ಹಾಕಿದಳು, ನೀರು ಬದಲಾಯಿಸಿದಳು, ದೀಪ ಆರಿಸಿದಳು. ಪಾಚಿ ಕೀಳಲು ಕೈ ಹಾಕಿದರೆ ಅದು ಜಾರುತ್ತಿತ್ತು, ಹರಿಯುತ್ತಿತ್ತು, ಬುಡ ಅಲ್ಲೇ ಉಳಿಯುತ್ತಿತ್ತು. ಕತ್ತರಿ ಚಿಮಟಗಳಿಗೆ ಪಳಗಿದ ಬೆರಳುಗಳು ಈ ಮೆತ್ತನೆಯ ವಸ್ತುವಿನ ಮುಂದೆ ಸೋತವು. ಒಂದು ದಿನ ಸಿಟ್ಟಿನಿಂದ ಒಂದು ಹಿಡಿ ಎಳೆದಳು. ಕಲ್ಲೇ ಮಗುಚಿ ದಡ್ ಎಂದು ಗಾಜಿಗೆ ಬಡಿಯಿತು.

"ಏಯ್! ಗಾಜು ಒಡೀತೀಯೇನೇ?" ಆತ ಬಾಲ್ಕನಿಯಿಂದ ಗೋಡೆ ಹಿಡಿದುಕೊಂಡು ಬಂದ. "ಸರಿ ಆ ಕಡೆ. ಎಲ್ಲಿದೆ ತೋರಿಸು."

ಆಕೆ ಆತನ ಅಂಗಿಯ ತೋಳು ಮಡಿಸಿ, ಕೈ ಹಿಡಿದು ನೀರಿಗಿಳಿಸಿದಳು. ಬೆರಳುಗಳು ಕೂದಲನ್ನು ಮುಟ್ಟಿದಾಗ ಆತ ಬುಡದಿಂದ ತುದಿಯವರೆಗೆ ಒಂದು ಸಲ ಸವರಿದ. ಇದು ಇಷ್ಟು ಬೆಳೆದಿದೆ ಎಂದು ಆತನಿಗೆ ತಿಳಿದದ್ದು ಆಗಲೇ. ಮೂವತ್ತು ವರ್ಷ ಗೇರು ಹಿಡಿದ ಕೈ. ಯಾವುದಕ್ಕೆ ಎಷ್ಟು ಬಲ ಬೇಕೆಂದು ಅದಕ್ಕೆ ಗೊತ್ತಿತ್ತು. ಹೆಬ್ಬೆರಳು ಬುಡಕ್ಕೆ ಇಳಿದು, ತೋರುಬೆರಳು ಎಳೆಯನ್ನು ಸುತ್ತಿಕೊಂಡು, ಒಂದು ತಿರುವು. ಪಾಚಿ ಬೇರುಸಹಿತ ಕಿತ್ತು ಬಂತು.

"ಕೊಳವೆ ಹತ್ತಿರ ತಾ. ತೇಲಿ ಹೋಗೋಕೆ ಬಿಡಬೇಡ."

ಆಕೆ ಕೊಳವೆಯನ್ನು ಆತನ ಬೆರಳ ತುದಿಗೆ ಹಿಡಿದಳು. ಹಸಿರು ನೀರು ಬಕೆಟ್ಟಿಗೆ ಸುರಿಯಿತು. ನಾದಿನಿ ಬಾಗಿಲಲ್ಲಿ ತಲೆ ಹಾಕಿ, "ಏನಿದು, ಗಂಡ ಹೆಂಡ್ತಿ ಸೇರಿ ಕ್ಷೌರದಂಗಡಿ ತೆಗೆದ್ರಾ?" ಎಂದಳು. ಇಬ್ಬರೂ ಕೆಲಸದಿಂದ ತಲೆ ಎತ್ತದಿದ್ದುದನ್ನು ಕಂಡು, ಬಂದ ಕೆಲಸ ಮರೆತವಳಂತೆ ಸುಮ್ಮನೆ ಒಳಗೆ ಬಂದು ತುಂಬಿದ ಬಕೆಟ್ಟನ್ನು ಎತ್ತಿಕೊಂಡು ಹೋಗಿ ಚೆಲ್ಲಿ ಬಂದಳು.

ಹೀಗೆ ದಿನಕ್ಕೊಂದು ಹಿಡಿ. ಊಟ ಹಾಕುವ ಕೆಲಸ ಇನ್ನೂ ಆತನದೇ; ಆದರೆ ಈಗ ಆಕೆ ಚಿಟಿಕೆಯನ್ನು ಆತನ ಅಂಗೈಯಲ್ಲಿಟ್ಟು, ಮೀನು ತಿಂದದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ಡ್ರೈವರ್ ಬದುಕಿತ್ತು, ಮೊದಲಿನಷ್ಟು ತಿರುಗುತ್ತಿರಲಿಲ್ಲ. ಎರಡು ಕಲ್ಲು ಬೋಳಾದರೆ ಮೂರನೆಯದರಲ್ಲಿ ಮತ್ತೆ ಚಿಗುರುತ್ತಿತ್ತು. ಆತನ ಸಿಟ್ಟೂ ಹಾಗೆಯೇ. ಆರಿತು ಎನ್ನುವಷ್ಟರಲ್ಲಿ ಎಲ್ಲಿಂದಲೋ ಒಂದು ಮಾತಾಗಿ ಏಳುತ್ತಿತ್ತು. "ಕುರ್ಚಿ ಸರಿಸಿದಾಗಲೇ ನನಗೆ ಅನುಮಾನ ಇತ್ತು. ಬಿಸಿಲು ಬೇರೆ ಕೆನ್ನೆಗೆ ಬೀಳ್ತಿತ್ತು," ಎಂದು ಒಂದು ದಿನ ಚುಚ್ಚಿದ. "ಅನುಮಾನ ಇದ್ದವರು ಕೇಳಬೇಕಿತ್ತು," ಎಂದಳು ಆಕೆ, ಕೊಳವೆ ಬಿಡದೆ.

ಒಂದು ಬೆಳಿಗ್ಗೆ ಆತನ ಬೆರಳು ಕಲ್ಲೊಂದರ ಹೊಟ್ಟೆಯ ಕೆಳಗೆ ಸರಿಯುತ್ತ ಸರಿಯುತ್ತ ನಿಂತಿತು. ಆ ಜಾಗವನ್ನು ಮತ್ತೆ ಸವರಿದ.

"ಲೇ, ಇಲ್ಲಿ ನುಣ್ಣಗಿದೆ. ಬಳಪದ ಹಾಗೆ ಗಟ್ಟಿಯಾಗಿ, ನುಣ್ಣಗೆ. ನೇರಳೆ ಹೀಗೇ ಇರತ್ತೆ. ಬಗ್ಗಿ ನೋಡು."

ಉಗಿಯಮ್ಮ ಮೊಣಕಾಲೂರಿ ಗಾಜಿಗೆ ಕಣ್ಣು ಕೊಟ್ಟಳು. ಆತನ ಬೆರಳ ತುದಿ ಕಾಣುತ್ತಿತ್ತು. ಅದರ ಕೆಳಗಿನ ಕಲ್ಲೂ ಕಾಣುತ್ತಿತ್ತು. ಮೇಲೆ ಆತನ ಮುಖ, ಮಾತಿಗೆ ಕಾದು, ಸ್ವಲ್ಪ ತೆರೆದ ಬಾಯಿ. ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು!

"ನೇರಳೆ ಅಲ್ಲ ರೀ," ಎಂದಳು. "ಕಂದು. ಬರೀ ಕಲ್ಲು."



"ಸರಿ," ಎಂದ. "ಕೊಳವೆ ಇನ್ನೂ ಸ್ವಲ್ಪ ಎಡಕ್ಕೆ ಹಿಡಿ," ಎಂದು ಬೆರಳನ್ನು ಮುಂದಿನ ಹಸಿರಿನ ಕಡೆಗೆ ಸರಿಸಿದ.